ಮಕ್ಕಳಿಗೆ ಆರಾಧನೆ ಬೋರ್, ಮನೆ ಪ್ರಾರ್ಥನೆ ದಿನಾ ಜಗಳ. ನಿಮ್ಮ ಮನೆಯಲ್ಲಿ ಹೇಗೆ?

ದಾವಣಗೆರೆ ಅಮ್ಮ
ಎಲ್ಲರಿಗೂ ನಮಸ್ಕಾರ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಭಾನುವಾರದ ಆರಾಧನೆ ಎರಡು ಗಂಟೆ ದಾಟುತ್ತದೆ. ಮೊದಲ ಹಾಡುಗಳು ಮುಗಿದ ತಕ್ಷಣ ಮಕ್ಕಳನ್ನೆಲ್ಲ ಹಿಂದಿನ ಕೋಣೆಗೆ ಸಂಡೇ ಸ್ಕೂಲಿಗೆ ಕಳಿಸುತ್ತಾರೆ. ಅಲ್ಲಿ ಬಣ್ಣ ಹಚ್ಚುವ ಒಂದು ಹಾಳೆ, ಒಂದು ಆ್ಯಕ್ಷನ್ ಸಾಂಗ್, ಬಿಸ್ಕೆಟ್. ಮನೆಗೆ ಬಂದು ಏನು ಕಲಿತೆ ಅಂತ ಕೇಳಿದರೆ ಮಗ "ಇವತ್ತು ಕ್ರೀಮ್ ಬಿಸ್ಕೆಟ್" ಅನ್ನುತ್ತಾನೆ.

ಮನೆಯಲ್ಲಿ ಇನ್ನೊಂದು ಕಥೆ. ರಾತ್ರಿ ಪ್ರಾರ್ಥನೆಗೆ ಕೂತರೆ ಒಬ್ಬ ಚಾಪೆ ಮೇಲೆ ಉರುಳಾಡುತ್ತಾನೆ, ಇನ್ನೊಬ್ಬಳು ಪ್ರಾರ್ಥನೆ ಅರ್ಧದಲ್ಲಿರುವಾಗಲೇ ಆಮೆನ್ ಹೇಳಿ ಎದ್ದುಬಿಡುತ್ತಾಳೆ. ಅತ್ತೆಯವರಿಗೆ ದಿನಕ್ಕೊಂದು ಅಧ್ಯಾಯ ಪೂರ್ತಿ ಓದಲೇಬೇಕು. ಈಗ ಬೈಬಲ್ಲಿನ ಅರಣ್ಯಕಾಂಡದಲ್ಲಿದ್ದೇವೆ. ಆ ಕುಲಗಳ ಲೆಕ್ಕ ಕೇಳಿಸಿಕೊಂಡು ನನಗೇ ನಿದ್ದೆ ಬರುತ್ತದೆ, ಮಕ್ಕಳದೇನು ತಪ್ಪು?

ಯೂಟ್ಯೂಬಿನಲ್ಲಿ ಕ್ರಾಫ್ಟ್ ಐಡಿಯಾ ರಾಶಿ ಇದೆ. ಅದರಿಂದ ಮಕ್ಕಳು ನಿಜವಾಗಿ ದೇವರ ಹತ್ತಿರ ಹೋಗುತ್ತಾರಾ, ಅಥವಾ ಬರೀ ಗೋಂದು ಖರ್ಚಾ? ಆಗಮನ ಕಾಲ (ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರ) ಬರುತ್ತಿದೆ, ಆವಾಗಿನಿಂದಾದರೂ ಏನಾದರೂ ಬದಲಾಯಿಸೋಣ ಅಂತ. ಅನುಭವ ಇದ್ದವರು ಹೇಳಿ.

ಹಳೇ ಕ್ವೈರ್
ಎರಡು ಗಂಟೆ ಕೂರಲಿ ಬಿಡಮ್ಮ. ನಾವೆಲ್ಲ ಕೂತಿರಲಿಲ್ವಾ?

ಎರಡು ಮಕ್ಕಳ ಅಪ್ಪ
ಕೂತಿದ್ದೆವು ಸಾರ್. ಫ್ಯಾನ್ ಎಷ್ಟು ಸುತ್ತು ಸುತ್ತಿತು ಅಂತ ನೋಡಿಕೊಂಡು.

ಹಳೇ ಕ್ವೈರ್
ಆದರೂ ಇವತ್ತು ಸಭೆಯಲ್ಲೇ ಇದ್ದೀರಲ್ಲ.

ಎರಡು ಮಕ್ಕಳ ಅಪ್ಪ
ನಾನಿದ್ದೇನೆ. ನನ್ನ ಜೊತೆ ಕೂತಿದ್ದವರಲ್ಲಿ ಅರ್ಧ ಜನ ಈಗ ಕ್ರಿಸ್‌ಮಸ್ಸಿಗೆ ಮಾತ್ರ ಬರುತ್ತಾರೆ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಸಂಡೇ ಸ್ಕೂಲ್ ಟೀಚರ್, ಹುಬ್ಬಳ್ಳಿ
ಬಿಸ್ಕೆಟ್ ಕೊಡುವವರ ಕಡೆಯಿಂದಲೂ ಸ್ವಲ್ಪ ಕೇಳಿ. ಒಂದೇ ಕೋಣೆ, ಮೂರು ವರ್ಷದ ಮಗುವಿನಿಂದ ಏಳನೇ ಕ್ಲಾಸಿನವರೆಗೆ ಎಲ್ಲರೂ ಅಲ್ಲೇ. ಪಕ್ಕದಲ್ಲಿ ಪ್ರಸಂಗ ನಡೀತಿರುತ್ತದೆ, ಸದ್ದು ಮಾಡಬಾರದು. ಪೋಷಕರಿಗೆ ಬೇಕಾಗಿರುವುದು ಒಂದೇ, ಮಕ್ಕಳು ಅಳದೆ ವಾಪಸ್ ಬರಬೇಕು. ಇಷ್ಟರ ಮಧ್ಯೆ ಭಕ್ತಿ ಬೆಳೆಸಿ ಅಂದರೆ?

ಆದರೂ ಒಂದು ವಿಷಯ ಬದಲಾಯಿಸಿದ ಮೇಲೆ ನಮ್ಮ ಕ್ಲಾಸ್ ಸುಧಾರಿಸಿತು. ಬಣ್ಣದ ಹಾಳೆ ನಿಲ್ಲಿಸಿದೆ. ಜೇಡಿಮಣ್ಣು ತಂದು ಮಕ್ಕಳ ಕೈಯಲ್ಲೇ ಕುರಿಗಳನ್ನು ಮಾಡಿಸಿದೆ. ಕಡ್ಡಿ ಚುಚ್ಚಿ ಒಂದು ಕುರಿಹಟ್ಟಿ. ಲೂಕ 15ರ ಕಳೆದುಹೋದ ಕುರಿಯ ಕಥೆಯನ್ನು ನಿಧಾನಕ್ಕೆ ಆ ಕುರಿಗಳನ್ನು ಸರಿಸುತ್ತಾ ಹೇಳುತ್ತೇನೆ. ಕೊನೆಗೆ ನೀತಿ ಹೇಳುವುದಿಲ್ಲ. "ಈ ಕಥೆಯಲ್ಲಿ ನೀನೆಲ್ಲಿದ್ದೀಯ?" ಅಂತ ಮಾತ್ರ ಕೇಳುತ್ತೇನೆ. ಒಬ್ಬ ಹುಡುಗ ತನ್ನ ಕುರಿಯನ್ನು ಹಟ್ಟಿಯ ಹೊರಗೇ ಇಟ್ಟು "ಇದು ಕಳೆದಿಲ್ಲ ಮಿಸ್, ಇದಕ್ಕೆ ಒಳಗೆ ಜಾಗ ಸಾಕಾಗಲಿಲ್ಲ" ಅಂದ. ಅವರ ಮನೆಗೆ ಆಗಷ್ಟೇ ತಂಗಿ ಹುಟ್ಟಿದ್ದಳು. ಬಣ್ಣದ ಹಾಳೆಯಲ್ಲಿ ಇದು ಹೊರಗೆ ಬರುತ್ತಿತ್ತಾ?

ಇದು ನನ್ನ ಸ್ವಂತ ಐಡಿಯಾ ಏನಲ್ಲ. ರೋಮಿನಲ್ಲಿ ಸೋಫಿಯಾ ಕಾವಲ್ಲೆತ್ತಿ ಅನ್ನುವ ಬೈಬಲ್ ವಿದ್ವಾಂಸೆ 1954ರಲ್ಲಿ ಮಾಂಟೆಸ್ಸರಿ ಪದ್ಧತಿಯ ಶಿಕ್ಷಕಿ ಜಿಯಾನ್ನಾ ಗೊಬ್ಬಿ ಜೊತೆ ಇದನ್ನು ಶುರು ಮಾಡಿದರು. ಚಿಕ್ಕ ಚಿಕ್ಕ ಮರದ ಸಾಮಾನು, ಕಡಿಮೆ ಮಾತು, ಮಗುವಿಗೆ ಸ್ವಂತವಾಗಿ ಯೋಚಿಸಲು ಸಮಯ. ಮಾಂಟೆಸ್ಸರಿಯಮ್ಮ ನಮಗೆ ದೂರದವರೂ ಅಲ್ಲ. 1939ರಲ್ಲಿ ಮದರಾಸಿಗೆ ಬಂದವರು ಯುದ್ಧ ಮುಗಿಯುವ ತನಕ ಇಲ್ಲೇ ಇದ್ದರು, ಕೊಡೈಕೆನಾಲಿನಲ್ಲೂ ಪಾಠ ಮಾಡಿದರು.

ಗದಗಿನವ
ಟೀಚರ್, ಬಾಯಿಪಾಠ ಬೈಬಲ್ ವಚನಕ್ಕೆ ಬಹುಮಾನ ಕೊಡ್ತೀರಾ ಈಗಲೂ? ನಮ್ಮಲ್ಲಿ ಅದೇ ದೊಡ್ಡ ತಲೆನೋವು. ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡ ವಚನವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಗಿಳಿಪಾಠ ಒಪ್ಪಿಸಿ ಟಿಫಿನ್ ಬಾಕ್ಸ್ ಗೆಲ್ಲುತ್ತಾರೆ. ಅರ್ಥ ಕೇಳಿದರೆ ಸೊನ್ನೆ.

ಸಂಡೇ ಸ್ಕೂಲ್ ಟೀಚರ್, ಹುಬ್ಬಳ್ಳಿ
ಬಹುಮಾನ ನಿಲ್ಲಿಸಿದೆ. ಬೈಸಿಕೊಂಡೆ.

ಹಳೇ ಕ್ವೈರ್
ಬಾಯಿಪಾಠಕ್ಕೆ ಹೀಗೆ ಹಗುರವಾಗಿ ಮಾತಾಡಬೇಡಿ. ನನ್ನ ತಾಯಿಗೆ ಕೊನೆಗಾಲದಲ್ಲಿ ಯಾರ ಗುರುತೂ ಇರಲಿಲ್ಲ. 23ನೇ ಕೀರ್ತನೆ ಶುರು ಮಾಡಿದರೆ ಮಾತ್ರ ಕೊನೇ ಸಾಲಿನ ತನಕ ಹೇಳುತ್ತಿದ್ದರು. ಅದು ಸಂಡೇ ಸ್ಕೂಲಿನಲ್ಲಿ ಅರ್ಥ ಆಗದೇ ಕಲಿತದ್ದೇ. ಅರ್ಥ ಆಮೇಲೆ ಬರುತ್ತದೆ.

ಗದಗಿನವ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸಾರ್. ಟಿಫಿನ್ ಬಾಕ್ಸ್ ಮಾತ್ರ ಬೇಡ ಅಂತ ನನ್ನ ವಾದ.

ಮೊಂತಿ ಹೂವು, ಮಂಗಳೂರು
ದಾವಣಗೆರೆ ಅಮ್ಮ, ನಾವು ಕಥೊಲಿಕರು. ನಮ್ಮಲ್ಲಿ ಮಕ್ಕಳಿಗೆ ಅಂತ ಬೇರೆ ಕ್ರಿಯೇಟಿವ್ ಕಾರ್ಯಕ್ರಮ ಯಾರೂ ಕಂಡುಹಿಡಿಯಬೇಕಾಗಿಲ್ಲ, ಮೊಂತಿ ಫೆಸ್ತ್ ಒಂದೇ ಸಾಕು. ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಅದಕ್ಕೂ ಮುಂಚೆ ಒಂಬತ್ತು ದಿನ ನೊವೇನ ಅನ್ನುವ ಪ್ರಾರ್ಥನೆ. ದಿನಾ ಮಕ್ಕಳು ಹೂವು ತಗೊಂಡು ಇಗರ್ಜಿಗೆ (ಚರ್ಚಿಗೆ) ಹೋಗಬೇಕು. ಅಂಗಡಿ ಹೂವಲ್ಲ, ಬೇಲಿ ಬದಿಯಲ್ಲಿ, ಪಕ್ಕದ ಮನೆಯ ಅಂಗಳದಲ್ಲಿ ಸಿಕ್ಕಿದ್ದು. ಮಳೆ ಇದ್ದರೂ ಬೆಳಿಗ್ಗೆ ತಾವೇ ಎದ್ದು ಹೊರಡುತ್ತವೆ, ಶಾಲೆಗೆ ಎಬ್ಬಿಸಲು ಮಾತ್ರ ಹರಸಾಹಸ. ಬಾಲೆ ಮರಿಯಮ್ಮನ ಮೂರ್ತಿಗೆ ಸಾಲಾಗಿ ಹೂವು ಹಾಕುತ್ತಾ ಕೊಂಕಣಿ ಹಾಡು ಹೇಳುತ್ತವೆ. ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವಾದ ಆಗುತ್ತದೆ, ಮನೆಗೆ ತಂದು ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಕುಡಿಯುತ್ತೇವೆ. ಅವತ್ತು ಮೀನೂ ಇಲ್ಲ, ಮಾಂಸವೂ ಇಲ್ಲ. ಮಂಗಳೂರಿನವರ ಮನೆಯಲ್ಲಿ ಇದು ಸಣ್ಣ ಮಾತಲ್ಲ ಅಂತ ನಿಮಗೇ ಗೊತ್ತು. ಹೂವು ತಂದ ಮಕ್ಕಳಿಗೆ ಕಬ್ಬು.

ಗದಗಿನವ
ಕಬ್ಬಿಗೋಸ್ಕರ ಹೋಗುತ್ತಿದ್ದವು ಅನ್ನಿ. ಇದೂ ಟಿಫಿನ್ ಬಾಕ್ಸೇ ಅಲ್ವಾ?

ಮೊಂತಿ ಹೂವು, ಮಂಗಳೂರು
ಅಲ್ಲ ಬ್ರದರ್. ಕಬ್ಬು ಯಾರು ಜಾಸ್ತಿ ಹೂವು ತಂದರು ಅಂತ ನೋಡಿ ಕೊಡುವುದಲ್ಲ. ತಂದವರಿಗೆಲ್ಲ ಸಿಗುತ್ತದೆ. ಸ್ಪರ್ಧೆ ಬೇರೆ, ಹಬ್ಬ ಬೇರೆ.

ದಾವಣಗೆರೆ ಅಮ್ಮ
ಇದು ಚೆನ್ನಾಗಿದೆ. ನಮ್ಮಲ್ಲಿ ಹತ್ತಿರದ್ದು ಅಂದರೆ ಸುಗ್ಗಿ ಹಬ್ಬ. ಆದರೆ ಅವತ್ತು ಮಕ್ಕಳಿಗೆ ಕೆಲಸ ಇಲ್ಲ, ಸಭೆಗೆ ಬಂದ ಕಾಣಿಕೆ ವಸ್ತುಗಳನ್ನು ದೊಡ್ಡವರು ಏಲಂ ಕೂಗುತ್ತಾರೆ, ಮಕ್ಕಳು ಐಸ್‌ಕ್ರೀಮ್ ತಿನ್ನುತ್ತವೆ.

ಎರಡು ಮಕ್ಕಳ ಅಪ್ಪ
ಏಲಂ ಅಂದ ಕೂಡಲೆ ನೆನಪಾಯಿತು. ನಮ್ಮ ಸಭೆಯಲ್ಲಿ ಒಂದು ಕುಂಬಳಕಾಯಿ ಮೂರು ಸಲ ಏಲಂ ಆಯಿತು. ತಗೊಂಡವರೆಲ್ಲ ವಾಪಸ್ ಸಭೆಗೇ ಕೊಟ್ಟರು. ಕೊನೆಗೆ ಅದು ಪಾಸ್ಟರ್ ಮನೆ ಸಾಂಬಾರಿಗೆ ಹೋಯಿತು.

ಹಳೇ ಕ್ವೈರ್
ನಮ್ಮಲ್ಲಿ ಕೋಳಿ ಏಲಂ ನಡುವೆ ಹಾರಿಹೋಗಿ ಗಂಟೆಗೋಪುರ ಹತ್ತಿ ಕೂತಿತ್ತು.

ಗಿಟಾರ್ ಹುಡುಗ
ವಿಷಯಕ್ಕೆ ಬನ್ನಿ ಅಂಕಲ್. ನಿಜವಾದ ತೊಂದರೆ ಹಾಡು. ಬೇಸಿಗೆ ರಜೆಯ ಬೈಬಲ್ ಶಾಲೆ ವಿಬಿಎಸ್‌ನಲ್ಲಿ ಮಕ್ಕಳು ಕುಣಿದು ಕುಪ್ಪಳಿಸುತ್ತವೆ, ಜೂನ್ ಮೊದಲ ಭಾನುವಾರ ಅದೇ ಮಕ್ಕಳು ಹಾರ್ಮೋನಿಯಂ ಎದುರು ಸುಮ್ಮನಾಗುತ್ತವೆ. ಯಾಕೆ? ವಿಬಿಎಸ್ ಹಾಡನ್ನು ಭಾನುವಾರ ಯಾರೂ ಹಾಡಿಸಲ್ಲ. ಮಕ್ಕಳಿಗೆ ಕಲಿಸಿದ ಹಾಡು ಅವರ ಕೋಣೆಗೆ ಮಾತ್ರ, ದೊಡ್ಡವರ ಹಾಡು ದೊಡ್ಡವರಿಗೆ ಮಾತ್ರ.

ಹಳೇ ಕ್ವೈರ್
ನಿಮ್ಮ ವಿಬಿಎಸ್ ಹಾಡಿನಲ್ಲಿ ಚಪ್ಪಾಳೆ ಬಿಟ್ಟರೆ ಏನಿದೆ? ಅದೂ ಇಂಗ್ಲಿಷ್.

ಗಿಟಾರ್ ಹುಡುಗ
ನಿಮ್ಮ ಹಾಡಿನ ರಾಗಗಳು ಎಲ್ಲಿಂದ ಬಂದವು ಅಂಕಲ್? 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು, ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂರಿಸಿದರು. ಅದು ಆಗ ಹೊಸತು, ಈಗ ನಿಮಗೆ ಪಿತ್ರಾರ್ಜಿತ ಆಸ್ತಿ.

ಹಳೇ ಕ್ವೈರ್
ಅದಕ್ಕೇ ಹೇಳುವುದು, ನಾಲ್ಕು ಸ್ವರದಲ್ಲಿ ಹಾಡಲು ಕಲಿಸಿ. ನಮ್ಮ ಕ್ವೈರಿನಲ್ಲಿ ಎಂಟು ವರ್ಷದವರು ಮೂವರು ಇದ್ದಾರೆ. ಪ್ರಾಕ್ಟೀಸಿಗೆ ನನಗಿಂತ ಮುಂಚೆ ಬಂದಿರುತ್ತಾರೆ. ಯಾರೂ ಕುಣಿಸಿಲ್ಲ, ಬಿಸ್ಕೆಟ್ಟೂ ಇಲ್ಲ. ಅವರು ಬರದಿದ್ದರೆ ಸೊಪ್ರಾನೋ (ಮೇಲಿನ ದನಿಯ) ಸಾಲು ಬೀಳುತ್ತದೆ, ಅದು ಅವರಿಗೆ ಗೊತ್ತು.

ಗಿಟಾರ್ ಹುಡುಗ
ಇದನ್ನು ಮೊದಲೇ ಹೇಳಬಾರದಿತ್ತಾ? ನಾವಿಬ್ಬರೂ ಒಂದೇ ಮಾತು ಹೇಳುತ್ತಿದ್ದೇವೆ.

ಹಳೇ ಕ್ವೈರ್
ಇಲ್ಲ. ನೀವು ಡ್ರಮ್ ತರುತ್ತೀರಿ.

ಲೆಸ್ಟರ್ ಕನ್ನಡಿಗ
ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿ 'ಮೆಸ್ಸಿ ಚರ್ಚ್' ಅಂತ ಇದೆ. 2004ರಲ್ಲಿ ಪೋರ್ಟ್ಸ್‌ಮೌತ್ ಹತ್ತಿರದ ಒಂದು ಆಂಗ್ಲಿಕನ್ ಸಭೆಯಲ್ಲಿ ಶುರುವಾಗಿದ್ದು, ಈಗ ಎಷ್ಟೋ ದೇಶಗಳಲ್ಲಿ ಇದೆ. ಬಹಳ ಕಡೆ ತಿಂಗಳಿಗೊಮ್ಮೆ, ಹೆಚ್ಚಾಗಿ ವಾರದ ದಿನ ಶಾಲೆ ಬಿಟ್ಟ ಮೇಲೆ. ಮೊದಲು ಟೇಬಲ್ ಟೇಬಲ್‌ನಲ್ಲಿ ಬೈಬಲ್ ಕಥೆಗೆ ಸಂಬಂಧಪಟ್ಟ ಕೈಕೆಲಸ, ಆಮೇಲೆ ಚಿಕ್ಕ ಆರಾಧನೆ, ಆಮೇಲೆ ಎಲ್ಲರಿಗೂ ಊಟ. ನಿಯಮ ಒಂದೇ, ಮಕ್ಕಳನ್ನು ಬಿಟ್ಟು ಹೋಗುವ ಹಾಗಿಲ್ಲ. ಅಪ್ಪ ಅಮ್ಮ ಅಜ್ಜಿ ಯಾರಾದರೂ ಜೊತೆಗಿದ್ದು ಕೈ ಮಣ್ಣು ಮಾಡಿಕೊಳ್ಳಲೇಬೇಕು. ಚರ್ಚ್ ಮೆಟ್ಟಿಲು ಹತ್ತದವರೂ ಬರುತ್ತಾರೆ.

ಸಂಡೇ ಸ್ಕೂಲ್ ಟೀಚರ್, ಹುಬ್ಬಳ್ಳಿ
ಕೇಳಲು ಚೆಂದ. ಅಷ್ಟು ಟೇಬಲ್ ಯಾರು ಒರೆಸುತ್ತಾರೆ? ಇಲ್ಲಿ ಆ ಕೆಲಸ ಸ್ತ್ರೀ ಸಂಘದ ತಲೆಗೇ ಬರುತ್ತದೆ.

ಲೆಸ್ಟರ್ ಕನ್ನಡಿಗ
ಇಲ್ಲೂ ಅದೇ ಅಕ್ಕ, ಸುಳ್ಳು ಹೇಳಲ್ಲ. ವಯಸ್ಸಾದ ಹೆಂಗಸರೇ ಜಾಸ್ತಿ.

ಬ್ರಹ್ಮಾವರ
ಮಕ್ಕಳನ್ನು ಆರಾಧನೆಯಿಂದ ಹೊರಗೆ ಕಳಿಸಿ, ಆಮೇಲೆ ಒಳಗೆ ತರುವುದು ಹೇಗೆ ಅಂತ ಚರ್ಚೆ ಮಾಡುತ್ತಿದ್ದೀರಿ. ನಮ್ಮ ಆರ್ಥಡಾಕ್ಸ್ ಸಭೆಯಲ್ಲಿ ದೀಕ್ಷಾಸ್ನಾನ ಆದ ಹಸುಗೂಸಿಗೂ ಅವತ್ತೇ ಪವಿತ್ರ ಪ್ರಸಾದ ಕೊಡುತ್ತಾರೆ. ಕೈಗೂಸು ಅಮ್ಮನ ತೋಳಲ್ಲಿ ಬಂದು ತಗೊಂಡು ಹೋಗುತ್ತದೆ. ಧೂಪ, ಗಂಟೆ, ಪರದೆ ಎಳೆಯುವುದು, ತೆಗೆಯುವುದು, ಎಲ್ಲ ಇದೆ. ಗಂಡು ಮಕ್ಕಳು ಮದ್‌ಬಹದಲ್ಲಿ (ಬಲಿಪೀಠದ ಜಾಗದಲ್ಲಿ) ಮೇಣದಬತ್ತಿ ಹಿಡಿದು ನಿಲ್ಲುತ್ತಾರೆ. ಬೋರ್ ಆಗುತ್ತದೆ, ಖಂಡಿತ ಆಗುತ್ತದೆ. ಆದರೆ ತಾವು ಹೊರಗಿನವರು ಅಂತ ಯಾವ ಮಗುವಿಗೂ ಅನ್ನಿಸಲ್ಲ.

ಮೊಂತಿ ಹೂವು, ಮಂಗಳೂರು
ನಮ್ಮಲ್ಲೂ ಮೊದಲು ದೊಡ್ಡವರಾದ ಮೇಲೆ ಮಾತ್ರ ಇತ್ತಂತೆ. ಹತ್ತನೇ ಪಿಯೂಸ್ ಪೋಪ್ 1910ರಲ್ಲಿ ಏಳು ವರ್ಷದ ಹತ್ತಿರದ ಮಕ್ಕಳಿಗೂ ಕೊಡಬೇಕು ಅಂತ ಆದೇಶ ಮಾಡಿದರು. ಈಗ ಫಸ್ಟ್ ಕಮ್ಯೂನಿಯನ್ ಅಂದರೆ ಫೋಟೋ ಶೂಟ್, ಹಾಲ್ ಬುಕಿಂಗ್, ಬಿಳಿ ಗೌನು. ಮಗು ಏನು ಸ್ವೀಕರಿಸಿತು ಅಂತ ಕೇಳುವವರಿಲ್ಲ, ಗೌನು ಎಲ್ಲಿ ಹೊಲಿಸಿದಿರಿ ಅಂತ ಕೇಳುತ್ತಾರೆ.

ಗದಗಿನವ
ನಮ್ಮ ಸಭೆಯಲ್ಲಿ ಇನ್ನೂ ಕನ್ಫರ್ಮೇಶನ್ (ಬೆಳೆದ ಮೇಲೆ ನಂಬಿಕೆ ದೃಢಪಡಿಸುವ ವಿಧಿ) ಆಗಬೇಕು ಅನ್ನುತ್ತಾರೆ. ಕರ್ತನ ಭೋಜನದ ಸಮಯದಲ್ಲಿ ಮಗಳು "ನಂಗ್ಯಾಕಿಲ್ಲ?" ಅಂತ ಕೇಳಿದಳು. ಹೆಂಡತಿ ನನ್ನ ಮುಖ ನೋಡಿದಳು, ನಾನು ಪಾಸ್ಟರ್ ಮುಖ ನೋಡಿದೆ.

ಎರಡು ಮಕ್ಕಳ ಅಪ್ಪ
ಸಂಡೇ ಸ್ಕೂಲ್ ಅನ್ನುವುದೇ ಮಕ್ಕಳನ್ನು ಆರಾಧನೆಯಿಂದ ಬೇರೆ ಮಾಡಲು ಶುರುವಾಗಿದ್ದಲ್ಲ, ಇದನ್ನು ಯಾರೂ ಹೇಳುತ್ತಿಲ್ಲ. 1780ರಲ್ಲಿ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ ಅನ್ನುವ ಪತ್ರಿಕೆಯವನು ಶುರು ಮಾಡಿದ. ವಾರವಿಡೀ ದುಡಿಯುವ ಬಡ ಮಕ್ಕಳಿಗೆ ರಜೆ ಭಾನುವಾರ ಮಾತ್ರ, ಅವತ್ತು ಓದು ಕಲಿಸಿ ಆಮೇಲೆ ಚರ್ಚಿಗೂ ಕರೆದುಕೊಂಡು ಹೋಗುತ್ತಿದ್ದರು. ಪಾಠ ಬೇರೆ, ಆರಾಧನೆ ಬೇರೆ, ಎರಡೂ ಬೇಕು. ನಾವು ಸಮಯ ಉಳಿಸಲು ಎರಡನ್ನೂ ಒಂದೇ ಹೊತ್ತಿಗೆ ಇಟ್ಟುಬಿಟ್ಟೆವು.

ಕೂರಲಾರದ ಮಗನ ತಾಯಿ
ಎಲ್ಲರೂ "ಒಳಗೆ ಕೂರಿಸಿ" ಅಂತ ಸುಲಭವಾಗಿ ಹೇಳುತ್ತಿದ್ದೀರಿ. ನನ್ನ ಮಗನಿಗೆ ಆಟಿಸಂ ಇದೆ. ಮೈಕ್ ಸದ್ದು ಜಾಸ್ತಿಯಾದರೆ ಕಿವಿ ಮುಚ್ಚಿಕೊಂಡು ಕೂಗುತ್ತಾನೆ. ಒಂದು ಸಭೆಯಲ್ಲಿ ಹಿರಿಯರೊಬ್ಬರು ಪ್ರಸಂಗದ ಮಧ್ಯೆ ಬಂದು "ಹೊರಗೆ ಕರ್ಕೊಂಡು ಹೋಗಮ್ಮ" ಅಂದರು. ಆಮೇಲೆ ಸುಮಾರು ತಿಂಗಳು ನಾವು ಎಲ್ಲೂ ಹೋಗಲಿಲ್ಲ.

ಈಗ ಹೋಗುವ ಸಭೆ ಚಿಕ್ಕದು. ಅಲ್ಲಿ ಅವನಿಗೆ ಒಂದು ಕೆಲಸ ಕೊಟ್ಟಿದ್ದಾರೆ. ಆರಾಧನೆಗೆ ಮುಂಚೆ ಪ್ರತಿ ಬೆಂಚಿನಲ್ಲೂ ಹಾಡಿನ ಪುಸ್ತಕ ಇಡುವುದು, ಮುಗಿದ ಮೇಲೆ ವಾಪಸ್ ಜೋಡಿಸುವುದು. ಅವನಿಗೆ ಜೋಡಿಸುವುದು ಅಂದರೆ ಪ್ರಾಣ. ಪ್ರಸಂಗದ ಹೊತ್ತು ಹೊರಗೆ ಮರದ ಕೆಳಗೆ ಜೇಡಿಮಣ್ಣು ಹಿಡಿದು ಕೂರುತ್ತಾನೆ, ಕಾಣಿಕೆ ಹಾಡಿಗೆ ಒಳಗೆ ಬರುತ್ತಾನೆ. ನಿಮಗೆ ಕ್ರಾಫ್ಟ್ ಟೈಂಪಾಸ್ ಇರಬಹುದು, ನನ್ನ ಮಗ ಪ್ರಾರ್ಥನೆ ಮಾಡುವುದೇ ಕೈಯಲ್ಲಿ. ದಯವಿಟ್ಟು ಎಲ್ಲ ಮಕ್ಕಳಿಗೂ ಒಂದೇ ಅಳತೆ ಇಡಬೇಡಿ.

ಹಳೇ ಕ್ವೈರ್
ಆ ಹಿರಿಯರ ಪರವಾಗಿ ನಾನು ಏನೂ ಹೇಳಲಾರೆ ತಾಯಿ. ನಿಮ್ಮ ಮಗ ನಮ್ಮ ಸಭೆಗೆ ಬಂದರೆ ಪುಸ್ತಕದ ಕಪಾಟಿನ ಕೀಲಿ ಅವನ ಕೈಗೇ ಕೊಡುತ್ತೇನೆ. ಈಗ ಅದನ್ನು ಜೋಡಿಸುವವರು ಯಾರೂ ಇಲ್ಲ.

ದಾವಣಗೆರೆ ಅಮ್ಮ
ಓದಿ ಕಣ್ಣು ತುಂಬಿತು. ಆರಾಧನೆ ವಿಷಯ ಸ್ವಲ್ಪ ದಾರಿ ಕಾಣುತ್ತಿದೆ. ಮನೆಯದು ಹೇಳಿ ಈಗ. ಅತ್ತೆ, ಅರಣ್ಯಕಾಂಡ.

ಸಂಡೇ ಸ್ಕೂಲ್ ಟೀಚರ್, ಹುಬ್ಬಳ್ಳಿ
ಚಿಕ್ಕವನಿಗೆ ಬೆರಳು ಪ್ರಾರ್ಥನೆ ಮಾಡಿಸಿ. ಹೆಬ್ಬೆರಳು ನಮಗೆ ಹತ್ತಿರ, ಮನೆಯವರಿಗಾಗಿ. ತೋರುಬೆರಳು ದಾರಿ ತೋರಿಸುವವರಿಗೆ, ಅಂದರೆ ಟೀಚರು, ಡಾಕ್ಟರು. ನಡುಬೆರಳು ಎಲ್ಲಕ್ಕಿಂತ ಉದ್ದ, ದೇಶ ನಡೆಸುವವರಿಗೆ. ಉಂಗುರಬೆರಳಿಗೆ ಶಕ್ತಿ ಕಡಿಮೆ, ಕಾಯಿಲೆಯವರಿಗೆ, ಕಷ್ಟದಲ್ಲಿರುವವರಿಗೆ. ಕಿರುಬೆರಳು ಕೊನೆಗೆ, ತನಗೆ. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಹಳೇ ಐಡಿಯಾ, ಆದರೂ ಕೆಲಸ ಮಾಡುತ್ತದೆ.

ಮೊಂತಿ ಹೂವು, ಮಂಗಳೂರು
ದೊಡ್ಡವಳಿಗೆ ಇನ್ನೊಂದು. ಸಂತ ಇಗ್ನೇಷಿಯಸ್ ಕಲಿಸಿದ ದಿನದ ಅವಲೋಕನ, ಮಕ್ಕಳ ಮಟ್ಟಕ್ಕೆ ಇಳಿಸಿದ್ದು. ಇವತ್ತು ಯಾವುದಕ್ಕೆ ಥ್ಯಾಂಕ್ಸ್ ಹೇಳಬೇಕು, ಯಾವುದಕ್ಕೆ ಸಾರಿ ಹೇಳಬೇಕು. ದೊಡ್ಡವರೂ ಹೇಳಬೇಕು, ಇದು ಮುಖ್ಯ. ನಮ್ಮ ಮನೆಯಲ್ಲಿ ಗಂಡ ಮಗನಿಗೆ "ಬೆಳಿಗ್ಗೆ ಸುಮ್ನೆ ಬೈದೆ, ಸಾರಿ" ಅಂದ ದಿನ ಮಗ ತಾನಾಗಿಯೇ ಪೂರ್ತಿ ಜಪಸರ ಕೂತ.

ಬ್ರಹ್ಮಾವರ
ಅತ್ತೆಯವರನ್ನು ಎದುರು ಹಾಕಿಕೊಳ್ಳಬೇಡಿ. ಓದುವ ಬದಲು ಕಥೆ ಹೇಳಿ ಅಂತ ಅವರನ್ನೇ ಕೇಳಿ. ಅರಣ್ಯಕಾಂಡದಲ್ಲೇ ಬಿಳಾಮನ ಕತ್ತೆ ಮಾತಾಡುತ್ತದೆ, ಕಂಚಿನ ಸರ್ಪ ಇದೆ, ದ್ರಾಕ್ಷಿ ಗೊಂಚಲನ್ನು ಇಬ್ಬರು ಕೋಲಿನಲ್ಲಿ ಹೊತ್ತು ತರುತ್ತಾರೆ. ಇದಕ್ಕಿಂತ ಒಳ್ಳೇ ಕಥೆ ಯಾವ ಯೂಟ್ಯೂಬಿನಲ್ಲಿ ಸಿಗುತ್ತದೆ?

ಎರಡು ಮಕ್ಕಳ ಅಪ್ಪ
ಕತ್ತೆ ಪಾತ್ರಕ್ಕೆ ನಮ್ಮ ಮನೆಯಲ್ಲಿ ಜಗಳ ಆಗುತ್ತದೆ, ನಾನೂ ಸೇರಿ.

ಗದಗಿನವ
ಆಗಮನ ಕಾಲ ಅಂದಿರಲ್ಲ ಅಕ್ಕ, ಮೇಣದಬತ್ತಿ ಚಕ್ರ ಮಾಡಿ. ಅದು ಹುಟ್ಟಿದ್ದೇ ಮಕ್ಕಳಿಗಾಗಿ. 1839ರಲ್ಲಿ ಹ್ಯಾಂಬರ್ಗ್ ಊರಿನಲ್ಲಿ ಯೋಹಾನ್ ವಿಖರ್ನ್ ಅನ್ನುವ ಪಾಸ್ಟರ್ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್ ಯಾವಾಗ, ಯಾವಾಗ ಅಂತ ಮಕ್ಕಳು ದಿನಾ ಕೇಳುತ್ತಿದ್ದವಂತೆ. ಅವರು ಗಾಡಿ ಚಕ್ರಕ್ಕೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ ಇಟ್ಟು ದಿನಕ್ಕೊಂದು ಹಚ್ಚಿದರು. ನಮಗೆ ನಾಲ್ಕು ಸಾಕು. ನಾವು ಬಟ್ಟೆಯ ಸಿಂಬಿ ಸುತ್ತಿ ಸ್ಟೀಲ್ ತಟ್ಟೆಯಲ್ಲಿಟ್ಟು ಸುತ್ತ ಮಾವಿನ ಎಲೆ ಸಿಗಿಸುತ್ತೇವೆ. ಬತ್ತಿಗಳು ಮಾತ್ರ ಬಟ್ಟೆಗೆ ತಾಗದ ಹಾಗೆ ಚಿಕ್ಕ ಲೋಟದಲ್ಲಿರಲಿ, ಹಚ್ಚುವಾಗ ದೊಡ್ಡವರು ಪಕ್ಕದಲ್ಲಿರಲಿ. ಹಚ್ಚುವ ಹಕ್ಕು ಸರದಿ ಪ್ರಕಾರ. ಸರದಿ ಬರೆದು ಗೋಡೆಗೆ ಅಂಟಿಸಿ, ಇಲ್ಲದಿದ್ದರೆ ಮತ್ತೆ ಜಗಳ.

ಮೊಂತಿ ಹೂವು, ಮಂಗಳೂರು
ಕ್ರಿಸ್‌ಮಸ್ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರಕ್ಕೆ) ರಾಗಿ ಮೊಳಕೆ ಬರಿಸುವುದನ್ನೂ ಮಕ್ಕಳಿಗೆ ಬಿಡಿ. ತಟ್ಟೆಯಲ್ಲಿ ಮಣ್ಣು ಹಾಕಿ ಹಬ್ಬಕ್ಕೆ ಒಂದು ವಾರ ಹತ್ತು ದಿನ ಮುಂಚೆ ಬಿತ್ತಿದರೆ ಹಸಿರು ಹುಲ್ಲುಗಾವಲು ತಯಾರು. ಗೊಂಬೆ ಎಲ್ಲ ಒಂದೇ ದಿನ ಇಡಬೇಡಿ. ನಾವು ಬಾಲಯೇಸುವನ್ನು 24ರ ರಾತ್ರಿಯೇ ಇಡುವುದು, ಮೂವರು ಜ್ಞಾನಿಗಳು ಕಿಟಕಿ ಹತ್ತಿರದಿಂದ ಹೊರಟು ದಿನಕ್ಕೆ ಸ್ವಲ್ಪ ಸ್ವಲ್ಪ ಸರಿದು ಜನವರಿ 6ಕ್ಕೆ ತಲುಪುತ್ತಾರೆ. ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೊ ಊರಿನಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟೇ ಜನರಿಗೆ ತೋರಿಸಿದ್ದು. ಅಂಗಡಿಯ ಥರ್ಮಾಕೋಲ್ ಗುಡ್ಡಕ್ಕಿಂತ ರಾಗಿ ಮೇಲು.

ಹಳೇ ಕ್ವೈರ್
ನಮ್ಮ ಮನೆಯ ಬೆಕ್ಕು ಹೋದ ವರ್ಷ ಆ ರಾಗಿ ತಟ್ಟೆಯಲ್ಲೇ ಮಲಗುತ್ತಿತ್ತು.

ಲೆಸ್ಟರ್ ಕನ್ನಡಿಗ
ಕೊಡುವುದನ್ನೂ ಮರೆಯಬೇಡಿ. ನನ್ನ ಜೊತೆ ಕೆಲಸ ಮಾಡುವ ಮಿಜೋ ಗೆಳತಿ ಹೇಳಿದ್ದು. ಅವರ ಊರಿನಲ್ಲಿ ಪ್ರತಿ ಸಲ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ಸಭೆಗೆ ಅಂತ ತೆಗೆದಿಡುತ್ತಾರೆ. ಮಿಜೋರಾಮಿನಲ್ಲಿ ನೂರು ವರ್ಷಕ್ಕೂ ಹಿಂದೆ ಹೆಂಗಸರು ಶುರು ಮಾಡಿದ ಪದ್ಧತಿ, ಇವತ್ತಿಗೂ ಸಭೆಯ ದೊಡ್ಡ ಆದಾಯ. ಅವಳ ಬಾಲ್ಯದಲ್ಲಿ ಆ ಹಿಡಿ ತೆಗೆಯುವ ಕೆಲಸ ಅವಳದೇ ಆಗಿತ್ತಂತೆ.

ಗಿಟಾರ್ ಹುಡುಗ
ಇದನ್ನು ಸುಗ್ಗಿ ಹಬ್ಬಕ್ಕೆ ಸೇರಿಸಬಹುದು! ಮಕ್ಕಳು ಡಬ್ಬಿಯಲ್ಲಿ ಕೂಡಿಟ್ಟ ಅಕ್ಕಿ ತಂದು ಮುಂದೆ ಸುರಿಯಲಿ. ಐಸ್‌ಕ್ರೀಮ್ ಆಮೇಲೆ ತಿನ್ನಲಿ.

ದಾವಣಗೆರೆ ಅಮ್ಮ
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಸಭಾಪಾಲಕರ ಹತ್ತಿರ ಮಾತಾಡಿದೆ. ಸಂಡೇ ಸ್ಕೂಲನ್ನು ಆರಾಧನೆಗೆ ಮುಂಚೆ ಮುಕ್ಕಾಲು ಗಂಟೆ ಇಡೋಣ ಅಂದೆ. ಕಮಿಟಿಯಲ್ಲಿ "ಅಷ್ಟು ಬೇಗ ಯಾರು ಬರುತ್ತಾರೆ" ಅಂತ ಇಬ್ಬರು ತಕರಾರು ತೆಗೆದರು. ಕೊನೆಗೆ ತಿಂಗಳ ಮೊದಲ ಭಾನುವಾರ ಮಾತ್ರ ಮಕ್ಕಳು ಪೂರ್ತಿ ಒಳಗಿರಲಿ ಅಂತ ಒಪ್ಪಿದರು. ಅವತ್ತು ಹಳೇ ಒಡಂಬಡಿಕೆಯ ಪಾಠ ಓದುವುದು ಒಂದು ಮಗು, ಕಾಣಿಕೆ ಚೀಲ ಹಿಡಿಯುವುದು ಮಕ್ಕಳು. ಪ್ರಸಂಗ ಇಪ್ಪತ್ತು ನಿಮಿಷ ಅಂತ ಅವರೇ ಮಾತು ಕೊಟ್ಟಿದ್ದಾರೆ, ನೋಡೋಣ.

ಮಗಳಿಗೆ ಪಾಠ ಸಿಕ್ಕಿದೆ, ಯೆಶಾಯ. ಈಗ ದಿನಾ ಕನ್ನಡಿ ಮುಂದೆ ನಿಂತು ಓದುತ್ತಾಳೆ, ಕನ್ನಡ ಅಷ್ಟು ಸರಾಗ ಇಲ್ಲ ಅವಳಿಗೆ. ಅತ್ತೆ ಬಿಳಾಮನ ಕತ್ತೆಯ ಕಥೆ ಹೇಳಿದರು. ಮಗ ಮೂರು ರಾತ್ರಿ ಅದೇ ಬೇಕು ಅಂದ. ಅಧ್ಯಾಯ ಶನಿವಾರ ಪೂರ್ತಿ ಓದಬೇಕು ಅನ್ನುವ ಷರತ್ತು ಹಾಕಿದ್ದಾರೆ, ಒಪ್ಪಿಕೊಂಡೆ. ಉರುಳಾಡುವುದು ನಿಂತಿಲ್ಲ.

ಹಳೇ ಕ್ವೈರ್
ಪ್ರಸಂಗ ಇಪ್ಪತ್ತು ನಿಮಿಷಕ್ಕೆ ಮುಗಿದರೆ ಇಲ್ಲಿ ಬಂದು ತಿಳಿಸಿ. ಅದೇ ದೊಡ್ಡ ಸುದ್ದಿ.

ಗದಗಿನವ
ಕತ್ತೆ ಮುಗಿದ ಮೇಲೆ ಕಂಚಿನ ಸರ್ಪ ಬಿಡಬೇಡಿ ಅಕ್ಕ. ನನ್ನ ಮಗಳು ಹಳೇ ಸೈಕಲ್ ಟ್ಯೂಬಿನಲ್ಲಿ ಮಾಡಿದ್ದಳು.

ಎರಡು ಮಕ್ಕಳ ಅಪ್ಪ
ಇಷ್ಟೆಲ್ಲ ಚರ್ಚೆ ಆಯಿತು, ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಮೊಂತಿ ಹೂವು ಸಿಸ್ಟರ್, ರೋಸ್ ಕುಕ್ಕಿ ಅಚ್ಚಿಗೆ ಅಂಟಿಕೊಳ್ಳುತ್ತದೆ, ಬಿಡುವುದೇ ಇಲ್ಲ. ಮಕ್ಕಳು ಸೇರಿ ಮಾಡೋಣ ಅಂತ ಕೂತು ಹೋದ ವರ್ಷ ಎಲ್ಲ ಪುಡಿಪುಡಿ.

ಮೊಂತಿ ಹೂವು, ಮಂಗಳೂರು
ಅಚ್ಚು ಎಣ್ಣೆಯಲ್ಲೇ ಚೆನ್ನಾಗಿ ಕಾಯಬೇಕು. ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ, ಮೇಲಿನ ಅಂಚು ಮುಚ್ಚಿದರೆ ಬಿಡಲ್ಲ. ಹೊಸ ಅಚ್ಚಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಿ. ಮಕ್ಕಳಿಗೆ ಎಣ್ಣೆ ಹತ್ತಿರ ಕೆಲಸ ಬೇಡ, ನೆವ್ರಿ (ಕರ್ಜಿಕಾಯಿ) ಮಡಚಲು ಕೂರಿಸಿ.